ಕೋಟಿ ಸುರಿದ ಚಿತ್ರ ಮಕಾಡೆ ಮಲಗುವುದೇಕೆ?

2022ರಲ್ಲಿ 'ಕೆ.ಜಿ.ಎಫ್. ಚಾಪ್ಟರ್ 2' ಸಾವಿರ ಕೋಟಿಗೂ ಮಿಕ್ಕಿ ಬಾಚಿತು. ಅಂದಿನಿಂದ ಗಾಂಧಿನಗರದ ಧಣಿಗಳಿಗೆ ಒಂದೇ ಹುಚ್ಚು: ಕತ್ತಲು, ಬಂದೂಕು, ಐದು ಭಾಷೆ, ಕೊನೆಗೆ ಮುಂದಿನ ಭಾಗದ ಆಸೆ. 2023ರಲ್ಲಿ ಉಪೇಂದ್ರ, ಸುದೀಪ್, ಶಿವರಾಜಕುಮಾರ್ ಮೂವರೂ ಇದ್ದ 'ಕಬ್ಜ' ಬಂತು, 2024ರಲ್ಲಿ 'ಮಾರ್ಟಿನ್'. ಎರಡೂ ಸದ್ದು ಮಾಡಿದಷ್ಟು ದಿನ ನಿಲ್ಲಲಿಲ್ಲ. ತಮಿಳಿನ 'ಇಂಡಿಯನ್ 2' ಗತಿಯೂ ಅದೇ. ಜನರ ರುಚಿ ಕೆಟ್ಟಿದೆ ಅಂತ ಗೊಣಗುವವರಿದ್ದಾರೆ. ನಾವು ಒಪ್ಪುವುದಿಲ್ಲ.

ಮೊದಲು ಲೆಕ್ಕ ನೋಡ್ರಿ. 2025-26ಕ್ಕೆ ನಮ್ಮ ರಾಜ್ಯದಲ್ಲಿ ಗೊತ್ತುಮಾಡಿದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿದರೆ, ಚಿತ್ರೋದ್ಯಮದವರು ಹೈಕೋರ್ಟಿಗೆ ಹೋಗಿ ತಡೆ ತಂದರು. ಆ 200ನ್ನೇ ಹಿಡಿಯಿರಿ. ಮುಂಡಗೋಡದ ಕೂಲಿಕಾರ ಹೆಂಡತಿ, ಇಬ್ಬರು ಮಕ್ಕಳನ್ನು ಕರಕೊಂಡು ಹುಬ್ಬಳ್ಳಿಯ ಮಾಲಿಗೆ ಹೋದರೆ ಟಿಕೆಟಿಗೇ 800. ಎರಡು ದಿನದ ದುಡಿಮೆ ಸಾಲದು. ಬಸ್ ಚಾರ್ಜು ಬೇರೆ. ಮೊದಲ ಮೂರು ದಿನ ಅಭಿಮಾನಿಗಳು ತುಂಬಿಸುತ್ತಾರೆ. ಎರಡನೇ ವಾರ ತುಂಬಬೇಕಾದವರು ಈ ಜನ. ಅವರು ಕಾಸು ಬಿಚ್ಚುವ ಮೊದಲು ಕೇಳುವುದು ಒಂದೇ ಮಾತು: "ಅದರಾಗ ಏನೈತಿ?"

ಏನೈತಿ? ಗೆದ್ದ ಚಿತ್ರದ ಹೊಗೆ. ಆ ಚಿತ್ರದಲ್ಲಿ ತಾಯಿಯ ಬಡತನ, ಗಣಿಯ ಸಂಕಟ ಅಷ್ಟಾದರೂ ಇತ್ತು. ನಕಲು ಮಾಡಿದವರು ನಾಯಕನ ತೋಳುಗಳನ್ನಷ್ಟೇ ಎತ್ತಿಕೊಂಡರು.

ಹಾಗಂತ ಗೆದ್ದ ಚಿತ್ರವನ್ನು ನಾವು ಸುಮ್ಮನೆ ಬಿಡುವವರಲ್ಲ. ಕೋಲಾರದ ಚಿನ್ನದ ಗಣಿಗೆ ಇಳಿದು ಜೀವ ಸವೆಸಿದವರಲ್ಲಿ ಬಹುಪಾಲು ದಲಿತರು. ಅವರು 1930ರಲ್ಲಿ ಮುಷ್ಕರ ಹೂಡಿದರು, ಸಂಘ ಕಟ್ಟಿದರು. 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದರು. ತೆರೆಯ ಮೇಲೆ ಅವರೇ ಒಬ್ಬ ವೀರನ ದಾರಿ ಕಾಯುವ ಮೂಕ ಮಂದೆ! ದುಡಿದವರ ಚರಿತ್ರೆಯನ್ನು ಅಳಿಸಿ ಕಟ್ಟಿದ ಈ ಅಚ್ಚಿನಿಂದ ಎಷ್ಟು ಬೊಂಬೆ ತೆಗೆದಾರು?

ಭಾಗ ಮಾಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. 2025ರಲ್ಲಿ 'ಕಾಂತಾರ'ದ ಎರಡನೇ ಚಿತ್ರವೂ ಗೆದ್ದಿತು. ಅದರ ರಾಜಕೀಯದೊಂದಿಗೆ ನಮ್ಮ ಜಗಳ ಏನೇ ಇರಲಿ, ಅದಕ್ಕೊಂದು ನೆಲವಿತ್ತು. ಅದೇ ವರ್ಷದ 'ಸು ಫ್ರಮ್ ಸೋ'ದಲ್ಲಿ ದೊಡ್ಡ ತಾರೆಯೇ ಇಲ್ಲ. ಕರಾವಳಿಯ ಒಂದು ಹಳ್ಳಿ, ಅಲ್ಲಿನ ಗಂಡಸರ ಪುಕ್ಕಲುತನ, ಒಬ್ಬ ಹೆಣ್ಣಿನ ನೋವು. ಬಾಯಿಂದ ಬಾಯಿಗೆ ಹಬ್ಬಿ ನೂರು ಕೋಟಿ ದಾಟಿತು.

ಮೇಷ್ಟ್ರುಗಳೇ, ಗೆಳೆಯರೇ, ಮುಂದಿನ ದೊಡ್ಡ ಚಿತ್ರ ಬಂದಾಗ ಹುಡುಗರನ್ನು ಕೇಳಿ: ಇದರಲ್ಲಿ ದುಡಿಯುವವರು ಯಾರು? ಅವರಿಗೆ ಹೆಸರಿದೆಯೇ? ಮಾತಿದೆಯೇ? ಗಲ್ಲಾಪೆಟ್ಟಿಗೆ ತಡವಾಗಿ ಹೇಳುವುದನ್ನು ನಮ್ಮ ಮಕ್ಕಳು ಮೊದಲೇ ಹೇಳಿಯಾರು.