ಎಣಿಕೆಯ ಭಯ

ಮೂರು ಇಂಗ್ಲಿಷ್ ಪುಸ್ತಕಗಳನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಕನ್ನಡ ಪಾಠ ಹೇಳುವ ನನಗೆ ಅವುಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು, ಕೇಳುವುದು ನ್ಯಾಯವೇ. ಅದಕ್ಕೆ ಉತ್ತರವಾಗಿ ಮೊದಲು ಒಂದು ಸಣ್ಣ ಸಂಗತಿಯನ್ನು ಹೇಳಿಬಿಡುತ್ತೇನೆ.

2021ರ ಬೇಸಗೆಯಲ್ಲಿ, ಕೊರೋನಾ ಹಾವಳಿಯ ದಿನಗಳಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. “ಸಾರ್, ಅಪ್ಪ ಲಸಿಕೆ ಬೇಡ ಅಂತ ಹಟ ಹಿಡಿದಿದ್ದಾರೆ. ನಿಮ್ಮ ಮೇಲೆ ಅವರಿಗೆ ಗೌರವ ಇದೆ. ಬಂದು ಒಂದು ಮಾತು ಹೇಳಿ” ಎಂದಳು. ಹೋದೆ. ಅವರು ಎಪ್ಪತ್ತು ದಾಟಿದ ಕ್ರೈಸ್ತ ಗೃಹಸ್ಥರು, ದೈವಭಕ್ತರು, ಓದುವ ಹವ್ಯಾಸವುಳ್ಳವರು. ಲಸಿಕೆಯೆಂಬುದು ಬೈಬಲಿನಲ್ಲಿ ಹೇಳಿರುವ ಮೃಗದ ಗುರುತು, ಲೋಕದ ಜನಸಂಖ್ಯೆಯನ್ನು ಇಳಿಸಲು ದೊಡ್ಡವರು ಹೂಡಿರುವ ಸಂಚು, ಅಂತ್ಯಕಾಲ ಹತ್ತಿರವಾಯಿತು. ಇದು ಅವರ ನಂಬಿಕೆ. ನಾನು ನಕ್ಕುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ.

“ನಗಬೇಡಿ ಮೇಷ್ಟ್ರೇ. 76ರಲ್ಲಿ ನಮ್ಮಣ್ಣನ್ನ ಸಂತೆಯಿಂದ ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಆಪರೇಷನ್ ಮಾಡಿ ಕಳಿಸಿದರು. ಅವನಿಗೆ ಇನ್ನೂ ಮದುವೆ ಆಗಿರಲಿಲ್ಲ. ಲೆಕ್ಕ ತುಂಬಬೇಕಿತ್ತಂತೆ” ಎಂದರು.

ನನ್ನ ನಗು ಅಲ್ಲಿಗೇ ನಿಂತಿತು. ಹೊರಡುವಾಗ ಅವರ ಕಪಾಟಿನಿಂದ ಎರಡು ಪುಸ್ತಕಗಳನ್ನು ಕೇಳಿ ತಂದೆ. ಹಾಲ್ ಲಿಂಡ್ಸೆ ಎಂಬವರು ಕ್ಯಾರೊಲ್ ಕಾರ್ಲ್‌ಸನ್ ಅವರ ನೆರವಿನಿಂದ ಬರೆದು 1970ರಲ್ಲಿ ಪ್ರಕಟಿಸಿದ ‘ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ತ್’ ಒಂದು. ಟಿಮ್ ಲಹೇ ಮತ್ತು ಜೆರಿ ಜೆಂಕಿನ್ಸ್ ಅವರ 1995ರ ಕಾದಂಬರಿ ‘ಲೆಫ್ಟ್ ಬಿಹೈಂಡ್’ ಇನ್ನೊಂದು. ಮೂರನೆಯದನ್ನು ನಾನಾಗಿಯೇ ಹುಡುಕಿ ಜೊತೆಗಿಟ್ಟುಕೊಂಡೆ. ಅದು ಭಕ್ತರ ಪುಸ್ತಕವಲ್ಲ, ವಿಜ್ಞಾನಿಯೊಬ್ಬರದು: ಪಾಲ್ ಎರ್ಲಿಕ್ ಅವರ 1968ರ ‘ದಿ ಪಾಪ್ಯುಲೇಷನ್ ಬಾಂಬ್’. ಇದನ್ನು ಏಕೆ ಸೇರಿಸಿದೆನೆಂಬುದು ಮುಂದೆ ತಿಳಿಯುತ್ತದೆ.

ಮೂಲಗ್ರಂಥದ ವಿಷಯವಾಗಿ ಒಂದು ಮಾತು. ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವನ್ನು ಕನ್ನಡ ಬೈಬಲಿನಲ್ಲಿ ‘ಪ್ರಕಟನೆ’ ಎಂದು ಕರೆದಿದ್ದಾರೆ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನೆಂಬ ಭಕ್ತನು ಕಂಡ ದರ್ಶನಗಳು ಅದರಲ್ಲಿವೆ. ರೋಮ್ ಸಾಮ್ರಾಜ್ಯದ ಕೆಳಗೆ ನಲುಗುತ್ತಿದ್ದ ಏಷ್ಯಾ ಮೈನರಿನ ಏಳು ಸಭೆಗಳಿಗೆ ಧೈರ್ಯ ತುಂಬಲು ಬರೆದದ್ದು ಅದು. ಹದಿಮೂರನೆಯ ಅಧ್ಯಾಯದಲ್ಲಿ ಒಂದು ಮೃಗ ಬರುತ್ತದೆ. ಅದರ ಗುರುತನ್ನು ಬಲಗೈಯ ಮೇಲೋ ಹಣೆಯ ಮೇಲೋ ಹಾಕಿಸಿಕೊಳ್ಳದವನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಮೃಗದ ಸಂಖ್ಯೆ 666. ಹೀಬ್ರೂ ಅಕ್ಷರಗಳಿಗೆ ಅಂಕಿಗಳ ಬೆಲೆಯುಂಟು. ಆ ಲೆಕ್ಕದಲ್ಲಿ ಈ ಸಂಖ್ಯೆ ನೀರೋ ಚಕ್ರವರ್ತಿಯ ಹೆಸರಾಗುತ್ತದೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ನಮ್ಮಲ್ಲಿ ಕಲ್ಯಾಣ ಹಾಳಾದ ಮೇಲೆ ನೊಂದವರು ವೀರವಸಂತರಾಯನ ಬರವನ್ನು ಎದುರುನೋಡಿ ಕಾಲಜ್ಞಾನದ ವಚನಗಳನ್ನು ಕಟ್ಟಿಕೊಂಡರಷ್ಟೆ. ಪೆಟ್ಟು ತಿಂದವರ ಸಾಹಿತ್ಯವೆಂಬ ಅರ್ಥದಲ್ಲಿ ‘ಪ್ರಕಟನೆ’ಯೂ ಅದೇ ಬಳಗಕ್ಕೆ ಸೇರಿದ್ದು.

ಅದನ್ನು ಮುಂದಾಗುವ ಸಂಗತಿಗಳ ಪಟ್ಟಿಯೆಂದು ಓದುವವರು ಹಿಂದಿನಿಂದಲೂ ಇದ್ದಾರೆ. ಆದರೆ ಭಕ್ತರು ಮೊದಲು ಆಕಾಶಕ್ಕೆ ಎತ್ತಲ್ಪಡುವರು, ಆಮೇಲೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿಯ ಆಳ್ವಿಕೆ ಎಂಬ ಕ್ರಮವನ್ನು ಹೆಚ್ಚಾಗಿ ಹರಡಿದವನು ಹತ್ತೊಂಬತ್ತನೆಯ ಶತಮಾನದ ಜಾನ್ ನೆಲ್ಸನ್ ಡಾರ್ಬಿ. 1909ರ ಸ್ಕೋಫೀಲ್ಡ್ ಬೈಬಲು ಅದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಕ್ಯಾಥೊಲಿಕರೂ ಪೂರ್ವದೇಶದ ಪ್ರಾಚೀನ ಸಭೆಗಳವರೂ ಪ್ರಾಟೆಸ್ಟಂಟರಲ್ಲಿ ಅನೇಕರೂ ಇದನ್ನು ಒಪ್ಪುವುದಿಲ್ಲ. ಆದಕಾರಣ ಇಲ್ಲಿ ಹೇಳುವುದನ್ನು ಕ್ರೈಸ್ತ ಮತದ ವಿಮರ್ಶೆಯೆಂದು ಯಾರೂ ಭಾವಿಸಬಾರದು.

ಇನ್ನು ಲಿಂಡ್ಸೆಯವರ ಪುಸ್ತಕ. 1970ರ ದಶಕದಲ್ಲಿ ಅಮೆರಿಕದಲ್ಲಿ ಇಷ್ಟು ಮಾರಾಟವಾದ ಕಾದಂಬರಿಯೇತರ ಗ್ರಂಥ ಬೇರೊಂದಿಲ್ಲವೆಂದು ಹೇಳುತ್ತಾರೆ. ಅದರ ವಿಧಾನ ಸರಳ: ಎಡಗೈಯಲ್ಲಿ ಬೈಬಲು, ಬಲಗೈಯಲ್ಲಿ ದಿನಪತ್ರಿಕೆ. 1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿತು. ಒಂದು ತಲೆಮಾರೆಂದರೆ ಸುಮಾರು ನಲವತ್ತು ವರ್ಷ. ಅಷ್ಟರೊಳಗೆ ಎಲ್ಲವೂ ನೆರವೇರಬಹುದೆಂಬ ಸೂಚನೆ. ಹತ್ತು ಕೊಂಬಿನ ಮೃಗವೆಂದರೆ ಯೂರೋಪಿನ ಸಾಮಾನ್ಯ ಮಾರುಕಟ್ಟೆ. 1981ರಲ್ಲಿ ಗ್ರೀಸ್ ಸೇರಿ ಆ ಕೂಟದಲ್ಲಿ ಹತ್ತು ರಾಷ್ಟ್ರಗಳಾದವು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾದವು. ಹೆಚ್ಚಿಗೆ ಬಂದ ಎರಡು ಕೊಂಬುಗಳನ್ನು ಎಲ್ಲಿಡುವುದು? 1988ನೆಯ ಇಸವಿಯೂ ಬಂತು, ಹೋಯಿತು.

ಆದರೆ ಲೆಕ್ಕ ತಪ್ಪಿದ್ದು ಪ್ರವಾದಿಯದೊಂದೇ ಅಲ್ಲ. ಎರ್ಲಿಕ್ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೀವವಿಜ್ಞಾನಿ. 1970ರ ದಶಕದಲ್ಲಿ ಕೋಟಿಕೋಟಿ ಜನ ಹಸಿವಿನಿಂದ ಸಾಯುವರು, ಇನ್ನು ಅದನ್ನು ತಡೆಯಲಾಗದು ಎಂದು ಅವರು ಸಾರಿದರು. ಕ್ಷಾಮಗಳೇನೋ ಬಂದವು; ಅವರು ಹೇಳಿದ ಪ್ರಮಾಣದಲ್ಲಿ ಬರಲಿಲ್ಲ. ಅಂದು ಸುಮಾರು 350 ಕೋಟಿಯಿದ್ದ ಲೋಕದ ಜನ 2022ರಲ್ಲಿ 800 ಕೋಟಿ ಮುಟ್ಟಿದರು. ಅವರ ಗ್ರಂಥ ತೆರೆಯುವುದು ದೆಹಲಿಯ ಬೀದಿಯಲ್ಲಿ. ಸೆಕೆಯ ಒಂದು ರಾತ್ರಿ ಹೆಂಡತಿ, ಮಗಳೊಡನೆ ಟ್ಯಾಕ್ಸಿಯಲ್ಲಿ ಹೋಗುವಾಗ ಬೀದಿಯ ತುಂಬ ಕಂಡ ಜನ ಅವರಿಗೆ ದಿಗಿಲು ಹುಟ್ಟಿಸುತ್ತಾರೆ. ಆ ಜನ ಮಾಡುತ್ತಿದ್ದುದಾದರೂ ಏನು? ಉಣ್ಣುತ್ತಿದ್ದರು, ತೊಳೆಯುತ್ತಿದ್ದರು, ಮಲಗಿದ್ದರು, ಮಾತಾಡುತ್ತಿದ್ದರು. ಆ ಕಾಲಕ್ಕೆ ಪ್ಯಾರಿಸ್ ದೆಹಲಿಗಿಂತ ದೊಡ್ಡ ಊರು. ಪ್ಯಾರಿಸಿನ ಜನಜಂಗುಳಿ ಯಾರಿಗೂ ಪ್ರಳಯದಂತೆ ಕಾಣಲಿಲ್ಲ. ಬಡವರ ಜಂಗುಳಿ ಕಂಡಿತು.

ಈ ಭೀತಿ ಎಲ್ಲಿಗೆ ಮುಟ್ಟಿಸುತ್ತದೆ ನೋಡಿ. ಭಾರತದಲ್ಲಿ ಮೂರು ಅಥವಾ ಹೆಚ್ಚು ಮಕ್ಕಳಿರುವ ಗಂಡಸರಿಗೆಲ್ಲ ಕಡ್ಡಾಯವಾಗಿ ಸಂತಾನಹರಣ ಚಿಕಿತ್ಸೆ ಮಾಡಬೇಕೆಂಬ ಸಲಹೆ ಬಂದಾಗ, ಅಮೆರಿಕ ಹೆಲಿಕಾಪ್ಟರುಗಳನ್ನೂ ವಾಹನಗಳನ್ನೂ ಕೊಟ್ಟು ನೆರವಾಗಬೇಕಾಗಿತ್ತು ಎಂದು ಎರ್ಲಿಕ್ ಬರೆದರು. ಇದನ್ನು ಓದಿದಾಗ ನನಗೆ ಆ ಮುದುಕರ ಅಣ್ಣನನ್ನು ಕೂರಿಸಿಕೊಂಡು ಹೋದ ಜೀಪು ನೆನಪಾಯಿತು.

ಭಕ್ತರ ಭಯವು ಮುಂದೆ ಹೊಸ ರೂಪ ತಾಳಿತು. ಮೊದಲು ಕ್ಷಾಮವೂ ಜನಸಂಖ್ಯೆಯ ಸ್ಫೋಟವೂ ಅಂತ್ಯಕಾಲದ ಲಕ್ಷಣಗಳೆನಿಸಿದ್ದವು. ಬರಬರುತ್ತ ಜನಸಂಖ್ಯೆಯ ನಿಯಂತ್ರಣವೇ ಲಕ್ಷಣವೆನಿಸಿತು. ಜನ ಹೆಚ್ಚಿದರೂ ಪ್ರಳಯ, ಕಡಿಮೆ ಮಾಡಹೊರಟರೂ ಪ್ರಳಯ! ಇದಕ್ಕೆ ಆಧಾರಗಳೂ ಒದಗಿದವು. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ 1980ರಲ್ಲಿ, ಸುಳ್ಳು ಹೆಸರಿನ ದಾನಿಯೊಬ್ಬನು ದೊಡ್ಡ ಕಲ್ಲುಗಳನ್ನು ನಿಲ್ಲಿಸಿ, ಮನುಷ್ಯಕುಲವನ್ನು 50 ಕೋಟಿಯ ಒಳಗೆ ಇಡಬೇಕೆಂದು ಎಂಟು ಭಾಷೆಗಳಲ್ಲಿ ಕೆತ್ತಿಸಿದ. ಅವುಗಳಲ್ಲಿ ನಮ್ಮ ಹಿಂದಿಯೂ ಒಂದು. 2022ರಲ್ಲಿ ಯಾರೋ ಅದಕ್ಕೆ ಸಿಡಿಮದ್ದಿಟ್ಟರು. ಬಡ ದೇಶಗಳ ಜನವೃದ್ಧಿಯನ್ನು ಅಮೆರಿಕದ ಭದ್ರತೆಯ ಪ್ರಶ್ನೆಯೆಂದು ಎಣಿಸಿದ 1974ರ ಸರ್ಕಾರಿ ಗುಪ್ತಪತ್ರವೊಂದು 1989ರಲ್ಲಿ ಬಯಲಾಯಿತು. ಅದು ಹೆಸರಿಸಿದ ಹದಿಮೂರು ದೇಶಗಳಲ್ಲಿ ಭಾರತವೂ ಇತ್ತು. ಇವು ನಿಜ. ಆದರೆ ನಿಜದ ಮಗ್ಗುಲಲ್ಲೇ ಸುಳ್ಳು ಬೆಳೆಯುತ್ತದೆ. ಒಳ್ಳೆಯ ಲಸಿಕೆ, ಆರೋಗ್ಯಸೇವೆಗಳಿಂದ ಜನಸಂಖ್ಯೆಯ ಬೆಳವಣಿಗೆ ತಗ್ಗುತ್ತದೆಂದು ಬಿಲ್ ಗೇಟ್ಸ್ 2010ರಲ್ಲಿ ಒಂದು ಭಾಷಣದಲ್ಲಿ ಹೇಳಿದರು. ಹುಟ್ಟಿದ ಮಕ್ಕಳು ಬದುಕುತ್ತಾರೆಂಬ ಭರವಸೆಯಿದ್ದರೆ ತಂದೆತಾಯಿಗಳು ಹೆಚ್ಚು ಮಕ್ಕಳನ್ನು ಹೆರುವುದಿಲ್ಲ, ಅಷ್ಟೇ ಅದರ ತಾತ್ಪರ್ಯ. ಅದನ್ನೇ ಲಸಿಕೆಯಿಂದ ಕೊಲ್ಲುವ ಸಂಚೆಂದು ತಿರುಚಿ ಹರಡಿದರು.

‘ಲೆಫ್ಟ್ ಬಿಹೈಂಡ್’ ಈ ಭಯದ ಕಥಾರೂಪ. ಹದಿನಾರು ಸಂಪುಟಗಳ ಮಾಲೆಯಲ್ಲಿ ಇದು ಮೊದಲನೆಯದು. ಮಾಲೆಯ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಅಟ್ಲಾಂಟಿಕ್ ಸಾಗರದ ಮೇಲೆ ಹಾರುವ ವಿಮಾನದಲ್ಲಿ ಭಕ್ತರು ಒಮ್ಮೆಗೇ ಮಾಯವಾಗುತ್ತಾರೆ; ಆಸನಗಳ ಮೇಲೆ ಬಟ್ಟೆಗಳಷ್ಟೇ ಉಳಿಯುತ್ತವೆ. ಲೋಕದ ಎಳೆಯ ಮಕ್ಕಳೆಲ್ಲ ಮಾಯ. ಬಸುರಿಯರ ಹೊಟ್ಟೆಯೊಳಗಿನ ಕೂಸುಗಳೂ ಮಾಯ. ರುಮೇನಿಯಾದ ಕಾರ್ಪಾಥಿಯಾ ಎಂಬವನು ವಿಶ್ವಸಂಸ್ಥೆಯ ಮುಖ್ಯಸ್ಥನಾಗುತ್ತಾನೆ, ಅವನೇ ಕ್ರಿಸ್ತವಿರೋಧಿ. ಕಥೆ ಓಡುತ್ತದೆ, ಕೆಳಗಿಡಲು ಬಿಡುವುದಿಲ್ಲ. ಆ ಗುಣವನ್ನು ಒಪ್ಪಬೇಕು. ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ವಿಮಾನಚಾಲಕನ ದುಃಖವೂ ಕೃತಕವಲ್ಲ. ಆದರೆ ಲೋಕದ ಮಕ್ಕಳೆಲ್ಲ ಹೋದರು! ಎಷ್ಟು ಕೋಟಿ ತಾಯಂದಿರ ತೊಟ್ಟಿಲು ಬರಿದಾಯಿತು! ಲೇಖಕರು ಆ ತಾಯಂದಿರ ಬಳಿ ನಿಲ್ಲುವುದಿಲ್ಲ. ಹೊಟ್ಟೆ ಬರಿದಾದ ಬಸುರಿ ಅವರಿಗೆ ಒಂದು ಸೂಚನೆ, ಅವಳು ಹೆಂಗಸಲ್ಲ.

ನನ್ನ ಆಕ್ಷೇಪಣೆಯೆಲ್ಲ ಇಷ್ಟೆ. ನಮ್ಮ ಆಲಂಕಾರಿಕರು ಭಯವನ್ನು ಸ್ಥಾಯಿಭಾವವೆಂದು ಎಣಿಸಿ, ಕಾವ್ಯದಲ್ಲಿ ಅದು ನನ್ನದು ನಿನ್ನದೆಂಬ ಎಲ್ಲೆ ಕಳಚಿದಾಗ ಮಾತ್ರ ರಸವಾಗುವುದೆಂದು ಹೇಳಿದರು. ಈ ಮೂರು ಪುಸ್ತಕಗಳ ಭಯ ಆ ಎಲ್ಲೆಯನ್ನು ದಾಟುವುದಿಲ್ಲ. ವಿಜ್ಞಾನಿಗೆ ದೆಹಲಿಯ ಬಡವನು ಒಂದು ಅಂಕಿ. ಪ್ರವಾದಿಗೆ ಅವನು ಒಂದು ಲಕ್ಷಣ. ಇಬ್ಬರೂ ಅವನ ಮುಖ ನೋಡುವುದಿಲ್ಲ. ಪಕ್ಷಗಳು ಎದುರುಬದುರಾದರೂ ಬರವಣಿಗೆಯ ಜಾತಿ ಒಂದೇ. ಇಲ್ಲಿ ಭಯ ಕರುಣೆಗೆ ತಿರುಗುವುದೇ ಇಲ್ಲ.

ಕರುಣೆ ಬೇಕಾಗಿದ್ದ ಕಡೆ ಯಾವುದೆಂಬುದು ನಮಗೆ ಗೊತ್ತಿದೆ. 1976-77ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು; ಹೆಚ್ಚಿನವರು ಗಂಡಸರು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿಯ ಶಿಬಿರವೊಂದರಲ್ಲಿ ಆಪರೇಷನ್ ಆದ 83 ಹೆಂಗಸರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಇವುಗಳಲ್ಲಿ ಗುಟ್ಟೇನಿತ್ತು? ಗುರಿಯನ್ನು ಕಾಗದದ ಮೇಲೆ ಬರೆದು, ಕಚೇರಿಯಿಂದ ಕಚೇರಿಗೆ ಕಳಿಸಿ, ಹಾಡಹಗಲಿನಲ್ಲಿ ಮಾಡಿದ ಕೆಲಸ. ಗುಪ್ತವಾದ ಮೃಗವನ್ನು ಹುಡುಕುವವರು ಬಯಲಿನಲ್ಲಿ ನಿಂತ ಜೀಪನ್ನು ಕಾಣಲಿಲ್ಲ.

ಕೈಯಲ್ಲಿ ಬೈಬಲನ್ನೇ ಹಿಡಿದವರಿಗೆ ಇದು ಕಾಣದೆ ಹೋದದ್ದು ಆಶ್ಚರ್ಯ. ದಾವೀದ ರಾಜನು ಜನಗಣತಿ ಮಾಡಿಸಿದ್ದು ಪಾಪವಾಗಿ ದೇಶಕ್ಕೆ ವ್ಯಾಧಿ ಬಂದ ಕಥೆ ಹಳೆಯ ಒಡಂಬಡಿಕೆಯಲ್ಲಿದೆ. 70 ಸಾವಿರ ಜನ ಸತ್ತರೆಂದು ಅಲ್ಲಿ ಹೇಳಿದೆ. ಆದರೆ ಕಥೆ ಅಂಕಿಗೆ ನಿಲ್ಲುವುದಿಲ್ಲ. ಅಪರಾಧ ತನ್ನದಾಗಿರಲು ಈ ಬಡಪಾಯಿಗಳೇನು ಮಾಡಿದರೆಂದು ರಾಜ ಮರುಗುತ್ತಾನೆ. ‘ಪ್ರಕಟನೆ’ಯ ಏಳನೆಯ ಅಧ್ಯಾಯದಲ್ಲಿಯೂ ಹಾಗೆಯೇ. ಮುದ್ರೆ ಹೊಂದಿದವರು 1,44,000 ಎಂದು ಮೊದಲು ಲೆಕ್ಕ ಬರುತ್ತದೆ. ಕೂಡಲೇ, ಸಕಲ ಕುಲ ಭಾಷೆಗಳಿಂದ ಬಂದ, ಯಾರೂ ಎಣಿಸಲಾರದ ಮಹಾಸಮೂಹ ಕಾಣಿಸುತ್ತದೆ. ಅವರ ಕಣ್ಣೀರನ್ನು ಒರೆಸುವ ಮಾತೂ ಅಲ್ಲೇ ಇದೆ. ಮೃಗದ ಅಂಕಿಯನ್ನು ಬಾಯಿಪಾಠ ಮಾಡಿದವರು ಈ ಭಾಗವನ್ನು ಮರೆತಂತೆ ತೋರುತ್ತದೆ.

ಹಾಗೆಂದು ಜನಸಂಖ್ಯೆಯ ಚಿಂತೆಯೇ ಪಾಪವೆಂದೂ ಅಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರದ ವತಿಯಿಂದ ಜನನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಜಗತ್ತಿನಲ್ಲಿ ಅದೇ ಮೊದಲೆನ್ನುತ್ತಾರೆ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಆಗಿನ ಆರೋಗ್ಯಮಂತ್ರಿಣಿ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತರು, ಗಾಂಧೀಜಿಯ ಅನುಯಾಯಿಗಳು. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ದಿನ ನೋಡಿ ನಡೆಯುವ ಕ್ರಮಕ್ಕೆ ಮಾತ್ರ ಸಮ್ಮತಿಸಿದರು. ಬಣ್ಣಬಣ್ಣದ ಮಣಿಗಳ ಸರವನ್ನು ಹೆಂಗಸರ ಕೈಗೆ ಕೊಟ್ಟು ದಿನಕ್ಕೊಂದು ಮಣಿ ಸರಿಸಲು ಹೇಳಿದರು. ಪ್ರಯೋಗ ಫಲಿಸಲಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಎಣಿಸುವ ಕೈ ಆ ಹೆಂಗಸಿನದೇ ಆಗಿತ್ತು. ಕನ್ನಡದಲ್ಲಿ ‘ಎಣಿಸು’ ಎಂದರೆ ಲೆಕ್ಕ ಹಾಕು ಎಂದೂ ಅರ್ಥ, ಭಾವಿಸು ಎಂದೂ ಅರ್ಥ. ಎರಡನೆಯ ಅರ್ಥವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದಾಗ ಅನಾಹುತವಾಗುತ್ತದೆ.

ಪುಸ್ತಕಗಳನ್ನು ಹಿಂದಿರುಗಿಸಲು ಆ ಮನೆಗೆ ಮತ್ತೆ ಹೋದೆ. ಈ ಸಲ ವಾದ ಮಾಡಲಿಲ್ಲ. ಅಣ್ಣನ ವಿಷಯ ಕೇಳಿದೆ. ಒಂದು ಗಂಟೆ ಹೇಳಿದರು. ಆತ ಮದುವೆಯಾಗದೆಯೇ ತೀರಿಕೊಂಡರಂತೆ. ಕೆಲವು ವಾರಗಳ ಮೇಲೆ ಮಗಳು ಫೋನು ಮಾಡಿ, ಅಪ್ಪ ಲಸಿಕೆ ಹಾಕಿಸಿಕೊಂಡರೆಂದು ತಿಳಿಸಿದಳು. ನನ್ನ ಮಾತಿನಿಂದೇನೂ ಅಲ್ಲ. ಆಸ್ಪತ್ರೆಯ ನರ್ಸಮ್ಮನವರು, “ಕೂತು ಯೋಚನೆ ಮಾಡಿ ಅಜ್ಜ. ಬೇಡ ಅನ್ನಿಸಿದರೆ ಎದ್ದು ಹೋಗಿ, ಯಾರೂ ಹಿಡಿದುಕೊಳ್ಳಲ್ಲ” ಎಂದರಂತೆ. ಅವರು ಅರ್ಧ ಗಂಟೆ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ತಾವಾಗಿಯೇ ತೋಳು ಚಾಚಿದರು.