ಉತ್ತರ ಹೇಳುವ ಪುಸ್ತಕ, ಕಿವಿಗೊಡುವ ಪುಸ್ತಕ

ನಮ್ಮ ತೆಕ್ಕಟ್ಟೆಯ ಪಕ್ಕದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ಒಬ್ಬರೇ ಕುಳಿತು ಬರೆದ ವಿಶ್ವಕೋಶವದು. ಮಗುವಿನ ‘ಯಾಕೆ?’ ಎಂಬ ಪ್ರಶ್ನೆಯನ್ನು ದೊಡ್ಡವರ ಪ್ರಶ್ನೆಯಷ್ಟೇ ಗೌರವದಿಂದ ಕಂಡ ಕೆಲಸ. ಆದರೂ ಅದು ಓದಲು ಬರುವ ಮಗುವಿನ ಪುಸ್ತಕ. ನಾಲ್ಕು ವರ್ಷದ ಕೂಸಿಗೆ ಉತ್ತರಕ್ಕಿಂತ ಮೊದಲು ಬೇಕಾದದ್ದು ಕೇಳಿಸಿಕೊಳ್ಳುವ ಜನ.

ಅಂಥ ಒಬ್ಬರನ್ನು ಕಾಣಬೇಕಾದರೆ ‘ತೊತ್ತೋ-ಚಾನ್’ ಓದಬೇಕು. ಜಪಾನಿನ ನಟಿ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಬಗ್ಗೆ ಬರೆದು 1981ರಲ್ಲಿ ಪ್ರಕಟಿಸಿದ ಈ ಪುಸ್ತಕ ಕನ್ನಡಕ್ಕೂ ಬಂದಿದೆ. ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆಗೆದು ಹಾಕುತ್ತಾಳೆ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ ಎಂದು ಒಂದನೇ ತರಗತಿಯಲ್ಲೇ ಹುಡುಗಿಯನ್ನು ಶಾಲೆಯಿಂದ ಹೊರಹಾಕುತ್ತಾರೆ. ಆ ಸಂಗತಿಯನ್ನು ತಾಯಿ ಮಗಳಿಗೆ ಇಪ್ಪತ್ತು ವರ್ಷ ತುಂಬುವವರೆಗೂ ಹೇಳುವುದಿಲ್ಲ. ‘ನಿನ್ನಿಂದ ನಮ್ಮ ಮರ್ಯಾದೆ ಹೋಯಿತು’ ಎಂದು ಅಂದೇ ಹೇಳಿಬಿಡುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು.

ಹೊಸ ಶಾಲೆ ಟೋಕಿಯೋದ ತೊಮೊಯೆ. ಹಳೆಯ ರೈಲು ಡಬ್ಬಿಗಳೇ ತರಗತಿಗಳು. ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನ ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೇಳುತ್ತಾರೆ, ಒಮ್ಮೆಯೂ ಆಕಳಿಸುವುದಿಲ್ಲ. ಬುತ್ತಿಯಲ್ಲಿ ಕಡಲಿನದು ಒಂದು, ಗುಡ್ಡದ್ದು ಒಂದು ಇರಬೇಕೆಂಬುದು ಅವರ ಕಟ್ಟಳೆ. ಇಲ್ಲದ ಮಗುವಿಗೆ ಅವರ ಹೆಂಡತಿ ತಂದ ಪಾತ್ರೆಯಿಂದ ಬಡಿಸುತ್ತಾರೆ, ಯಾರಿಗೂ ನಾಚಿಕೆಯಾಗದು. ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟ ಇರುವ ನಮಗೆ ಇದೇನು ಕಷ್ಟ? ಬಂಗುಡೆ ಒಂದು ಕಡೆ, ಹಲಸಿನ ಬೀಜ ಇನ್ನೊಂದು ಕಡೆ. ಮೀನು ತಿನ್ನದ ಮನೆಯವರಿಗೆ ಉಪ್ಪಾದರೂ ಕಡಲಿನದೇ. ಬುತ್ತಿ ಬಿಚ್ಚಿದಾಗ ಮಗು ಕೇಳುವ ಹತ್ತು ಪ್ರಶ್ನೆಗಳೇ ಅಂದಿನ ಪಾಠ.

ಪುಸ್ತಕಕ್ಕೆ ಮಿತಿಯೂ ಇದೆ. ಎಲ್ಲವೂ ಒಬ್ಬ ಮನುಷ್ಯನ ಮೇಲೆ ನಿಂತಿದೆ. ಮಕ್ಕಳು ಸುಮಾರು ಐವತ್ತೇ. 1945ರ ಬಾಂಬಿನ ಬೆಂಕಿಯಲ್ಲಿ ಶಾಲೆ ಸುಟ್ಟುಹೋಯಿತು. ಒಬ್ಬ ಟೀಚರು ನಲವತ್ತು ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ಲೇಖಕಿಯಲ್ಲಿ ಉತ್ತರವಿಲ್ಲ; ಪ್ರೀತಿಯ ನೆನಪು ತೊಡಕುಗಳನ್ನು ಅಷ್ಟಾಗಿ ಎಣಿಸುವುದಿಲ್ಲ. ಇದನ್ನೋದಿ ನಾಳೆಯೇ ಅಂಥ ಶಾಲೆ ಬೇಕೆಂದು ಹೊರಟರೆ ನಿರಾಸೆಯೇ ಗತಿ.

ಆದರೆ ಕಿವಿಗೊಡಲು ರೈಲು ಡಬ್ಬಿ ಬೇಡ. ಎಲ್‌.ಕೆ.ಜಿ. ಮುಗಿಸಿ ವ್ಯಾನಿನಿಂದ ಇಳಿದ ಮಗುವನ್ನು ‘ಇವತ್ತು ಏನು ಬರೆಸಿದರು?’ ಎಂದು ಕೇಳುವ ಬದಲು ‘ಏನು ಕಂಡೆ?’ ಎಂದು ಕೇಳಬಹುದು. ಅದು ಹೇಳಿ ಮುಗಿಸುವವರೆಗೆ ಒಲೆಯ ಮೇಲಿನ ಸಾರು ಕುದಿಯುತ್ತಿರಲಿ. ‘ಬಾಲ ಪ್ರಪಂಚ’ದ ಸರದಿ ಆಮೇಲೆ ಬರುತ್ತದೆ, ಪ್ರಶ್ನೆ ಬದುಕಿ ಉಳಿದ ಮಗುವಿಗೆ ಮಾತ್ರ.