ಹಿರಣ್ಣಯ್ಯನವರ ಮೌನ

ಮಾಸ್ಟರ್ ಹಿರಣ್ಣಯ್ಯನವರ (1934–2019) ಮೇಲೆ ಒಂದು ಹಳೆಯ ಆಕ್ಷೇಪವಿದೆ: ಅವರು ಆಡುತ್ತಿದ್ದದ್ದು ನಾಟಕವಲ್ಲ, ನಾಟಕದ ನೆಪದಲ್ಲಿ ಮಾಡುತ್ತಿದ್ದ ಭಾಷಣ ಅಂತ. ‘ಲಂಚಾವತಾರ’, ‘ಮಕ್ಮಲ್ ಟೋಪಿ’, ‘ನಡುಬೀದಿ ನಾರಾಯಣ’ ನೋಡಿದವರಿಗೆ ಈ ಮಾತು ಪೂರ್ತಿ ಸುಳ್ಳು ಅನ್ನಿಸಲಾರದು. ಕಥೆಯನ್ನು ಅಲ್ಲೇ ಬಿಟ್ಟು, ರಂಗದ ಅಂಚಿಗೆ ಬಂದು, ಆ ವಾರದ ರಾಜಕೀಯವನ್ನೇ ಹಿಡಿದು ಅವರು ಝಾಡಿಸುತ್ತಿದ್ದರು. ಜನ ಬರುತ್ತಿದ್ದದ್ದೂ ಅದಕ್ಕೇ.

ಆದರೂ ನಾನು ಈ ಆಕ್ಷೇಪವನ್ನು ಒಪ್ಪುವುದಿಲ್ಲ. ಅದಕ್ಕೆ ಕಾರಣ, 1990ರ ದಶಕದ ಆರಂಭದಲ್ಲಿ ಮುಂಬಯಿಯ ಮಾಟುಂಗಾದಲ್ಲಿ ನೋಡಿದ ‘ಲಂಚಾವತಾರ’. ಬೆಂಗಳೂರಿನಲ್ಲಾದರೆ ಒಬ್ಬ ಮಂತ್ರಿಯ ಕಡೆ ಬೊಟ್ಟು ಮಾಡಿದರೆ ಸಾಕು, ಚಪ್ಪಾಳೆ ಗ್ಯಾರಂಟಿ. ಇಲ್ಲಿ ಕೂತಿದ್ದವರು ಹೋಟೆಲಿನವರು, ಬ್ಯಾಂಕಿನವರು, ರೈಲ್ವೆಯವರು. ಊರು ಬಿಟ್ಟು ಇಪ್ಪತ್ತು ಮೂವತ್ತು ವರ್ಷವಾದವರು. ಅಲ್ಲಿನ ರಾಜಕೀಯದ ಒಳಗುಟ್ಟು ನಮಗೆಲ್ಲಿ ಗೊತ್ತು? ಮೊದಲ ಒಂದೆರಡು ಚಾಟಿಯೇಟು ಗಾಳಿಗೆ ಹೋದವು.

ಇದು ಅವರಿಗೆ ಕೂಡಲೇ ತಿಳಿಯಿತು. ಆಮೇಲೆ ಹೆಸರುಗಳು ಉದುರಿಹೋದವು. ಉಳಿದದ್ದು ದನಿ, ಕಣ್ಣು, ನಿಲುವು. ಮಾತನ್ನು ಅರ್ಧಕ್ಕೇ ನಿಲ್ಲಿಸಿ ಸುಮ್ಮನೆ ನಮ್ಮನ್ನೇ ನೋಡೋರು. ನಗು ಹುಟ್ಟಿ, ಏರಿ, ತಾನಾಗಿಯೇ ಅಡಗುವತನಕ ಕಾಯೋರು. ಆ ಮೌನದಲ್ಲಿ ಪ್ರಶ್ನೆ ಮಂತ್ರಿಯನ್ನು ಬಿಟ್ಟು ನಮ್ಮ ಕಡೆ ತಿರುಗುತ್ತಿತ್ತು: ತಗೊಂಡವನು ಅವನು ಸರಿ, ಕೊಟ್ಟವರು ಯಾರು? ಗ್ಯಾಸಿಗೆ, ರೇಷನ್ ಕಾರ್ಡಿಗೆ, ಊರಿಗೆ ಹೋಗುವ ಬರ್ತಿಗೆ ಯಾರದೋ ಕೈ ಬೆಚ್ಚಗೆ ಮಾಡಿದವರು ಆ ಸಾಲುಗಳಲ್ಲಿ ಕಡಿಮೆಯಿರಲಿಲ್ಲ. ಮಂತ್ರಿ ಎಲ್ಲೋ ಇದ್ದ. ನಾವು ಅಲ್ಲೇ ಇದ್ದೆವು.

ಆಟ ಮುಗಿದ ಮೇಲೆ ಒಳಗೆ ಹೋದೆ. ಮೆಚ್ಚುಗೆಯ ನಾಲ್ಕು ಮಾತು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಕನ್ನಡಿಯ ಮುಂದೆ ಕೂತು ಅರ್ಧ ಬಣ್ಣ ಒರೆಸಿಕೊಂಡಿದ್ದವರು ದಣಿದು ಹಣ್ಣಾಗಿದ್ದರು. ಅಷ್ಟು ಹೊತ್ತು ಗುಡುಗಿದ ದನಿ ಬತ್ತಿತ್ತು. ಕಾಲು ಮುಟ್ಟಲು ಬಗ್ಗಿದವನಿಗೆ ಗಂಟಲು ಕಟ್ಟಿತು, ಕಣ್ಣು ತುಂಬಿತು. ಒಂದು ಮಾತೂ ಹೊರಡಲಿಲ್ಲ. ಅವರೂ ಏನೂ ಕೇಳಲಿಲ್ಲ, ಬೆನ್ನ ಮೇಲೆ ಕೈಯಿಟ್ಟರು. ಭಾಷಣ ಕೇಳಿ ಬಂದವನಿಗೆ ಹೀಗಾಗುತ್ತದೆಯೇ?

ದೋಷಗಳಿರಲಿಲ್ಲ ಅಂತಲ್ಲ. ಅವರೆದುರು ಉಳಿದ ಪಾತ್ರಗಳು ಎಷ್ಟೋ ಸಲ ಪ್ರಶ್ನೆ ಎತ್ತಿಕೊಟ್ಟು ಪಕ್ಕಕ್ಕೆ ಸರಿಯುವವರಷ್ಟೇ. ಕೃತಿಯಾಗಿ ಓದಲು ಕೂತರೆ ನಾಟಕ ತೆಳುವೆನಿಸುತ್ತದೆ. ಒಪ್ಪೋಣ. ಆದರೆ ಸಂಗೀತಗಾರನನ್ನು ಸಾಹಿತ್ಯದಿಂದಷ್ಟೇ ಅಳೆಯುತ್ತೇವೆಯೇ? ಕಂಪನಿ ನಾಟಕದಲ್ಲಿ, ತಂದೆ ಕೆ. ಹಿರಣ್ಣಯ್ಯನವರ ಪರಂಪರೆಯಲ್ಲಿ ಪಳಗಿದ ನಟ ಇವರು. ಸಭೆಯ ಉಸಿರು ನೋಡಿ ಮಾತು ಹಿಡಿಯುವುದು, ಬಿಡುವುದು ಆ ಗರಡಿಯ ವಿದ್ಯೆ.

ಕ್ಯಾಸೆಟ್ಟಿನಲ್ಲಿ ‘ಲಂಚಾವತಾರ’ ಕೇಳಿ ನಕ್ಕ ಮನೆಗಳು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು. ಈಗಲೂ ಕೇಳಬಹುದು, ಮಾತೆಲ್ಲ ಅಲ್ಲಿದೆ. ಅವರು ಮಾತು ನಿಲ್ಲಿಸಿ ನಮ್ಮನ್ನು ನೋಡಿದ ಆ ನೋಟ ಮಾತ್ರ ಅಲ್ಲಿ ಸಿಗದು.